ಕೊಳಕೂರಿಗೆ ಹೋಗುತ್ತಿದ್ದ ನನ್ನ ಫೋಟೋಗಳು

ನಾನು ಬಹಳ ವ್ಯವಸ್ಥಿತ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಐವತ್ತೊಂದು ವರ್ಷಗಳಲ್ಲಿ ಬೇರೆ ಯಾರೂ ಹೇಳಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಹಚ್ಚಿದ ದಿನ, ನಳದ ನೀರು ಬಂದ ದಿನ, ಜೋಳ ಬೀಸಿಸಿಕೊಂಡು ಬಂದ ದಿನ, ಹಾಲಿನವನು ಬಾರದ ದಿನ, ಬಂದರೂ ಬರಬಾರದಾಗಿತ್ತು ಅನ್ನಿಸುವಂಥ ಹಾಲು ಕೊಟ್ಟ ದಿನ, ಎಲ್ಲವನ್ನೂ ಬರೆದಿಡುತ್ತೇನೆ. ಅಫಜಲಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ಇಪ್ಪತ್ತಾರು ವರ್ಷ ಕಳೆದವನಿಗೆ ಬರೆಯದಿದ್ದರೆ ಊಟ ಇಳಿಯುವುದಿಲ್ಲ. ನನ್ನ ಹೆಂಡತಿ ಮಹಾದೇವಿಗೆ ಇದರ ಮೇಲೆ ಗೌರವವಿಲ್ಲ. “ಸಿಲಿಂಡರ್ ಯಾವತ್ತು ಮುಗೀತು ಅನ್ನೋದು ನಿಮಗ ಬರೋಬ್ಬರಿ ಗೊತ್ತಿರ್ತದ. ಇನ್ನೊಂದು ಬುಕ್ ಮಾಡ್ಬೇಕು ಅನ್ನೋದು ಗೊತ್ತಿರಂಗಿಲ್ಲ,” ಎನ್ನುತ್ತಾಳೆ. ಇಂಥ ಮಾತುಗಳನ್ನು ನಾನು ಬರೆದಿಡುವುದಿಲ್ಲ.

ಈ ವ್ಯವಸ್ಥಿತ ಮನುಷ್ಯ ಮೊನ್ನೆ ಚಳಿಗಾಲದಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದ. ಮಣ್ಣೂರಿನಲ್ಲಿರುವ ಅಕ್ಕನ ಮನೆಗೆ ಹೋಗಿ ವಾಪಸು ಬರುತ್ತಿದ್ದೆ. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಬಸುರಿಯ ಹಾಗೆ ನಿಧಾನ ಹೊರಟಿತ್ತು. ನಮ್ಮ ಭಾಗದಲ್ಲಿ ಹುಟ್ಟಿದವರಿಗೆ ಕಬ್ಬಿನ ಟ್ರೇಲರ್ ಕಂಡರೆ ಕೈ ತಾನಾಗಿ ಮೇಲೇಳುತ್ತದೆ. ಹುಡುಗರಿದ್ದಾಗ ಹಿಂದೆ ಓಡಿ ಓಡಿ ಒಂದು ಕಬ್ಬು ಜಗ್ಗಿಕೊಳ್ಳುವುದು, ಡ್ರೈವರ್ ತಿರುಗಿ ನಮ್ಮ ಅಪ್ಪಂದಿರ ಉದ್ಧಾರ ಮಾಡುವುದು, ಇದು ಶಾಲೆಯ ಪಾಠಕ್ಕಿಂತ ನಿಯಮಿತವಾಗಿ ನಡೆಯುತ್ತಿತ್ತು. ಆದರೆ ಕಟ್ಟಿಸಿದ ಎರಡು ಹಲ್ಲು ಇಟ್ಟುಕೊಂಡು ಈ ವಯಸ್ಸಿನಲ್ಲಿ ನನಗೆ ಕಬ್ಬು ಯಾಕೆ ಬೇಕಾಗಿತ್ತು ಎಂದು ದಯವಿಟ್ಟು ಕೇಳಬೇಡಿ, ಮನೆಯಲ್ಲಿ ಕೇಳಿಯಾಗಿದೆ. ಎಡಗೈ ಚಾಚಿ ಒಂದು ಕಬ್ಬು ಹಿಡಿದೆ. ಅದೇ ಹೊತ್ತಿಗೆ ಟ್ರ್ಯಾಕ್ಟರಿನವನಿಗೆ ಏನು ನೆನಪಾಯಿತೋ, ಜೋರು ಮಾಡಿದ. ಕಬ್ಬು ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. ಗಾಡಿ ಒಂದು ದಿಕ್ಕಿಗೆ, ಕಬ್ಬು ಒಂದು ದಿಕ್ಕಿಗೆ, ನಾನು ಕಬ್ಬಿನ ದಿಕ್ಕಿಗೆ.

ಮೊಣಕಾಲು, ಮೊಣಕೈ ಕೆತ್ತಿಹೋದವು. ಗಾಡಿಯ ಹೆಡ್‌ಲೈಟು ಪುಡಿ, ಮುಂದಿನ ಚಕ್ರ ಹಪ್ಪಳದ ಹಾಗೆ ಡೊಂಕು. ಆ ದಾರಿಯಲ್ಲಿ ಬರುತ್ತಿದ್ದ ಪೊಲೀಸಪ್ಪನೊಬ್ಬ ಎಬ್ಬಿಸಿ ಕೂಡಿಸಿ ನೀರು ಕುಡಿಸಿದ. ಎಲುಬು ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, “ಹೆಲ್ಮೆಟ್ ಎಲ್ಲದರಿ ಸರ್?” ಎಂದ. ಹೆಲ್ಮೆಟ್ಟು ಮನೆಯಲ್ಲಿತ್ತು. ಅದರಲ್ಲಿ ಮಹಾದೇವಿ ಬಳ್ಳೊಳ್ಳಿ ಇಟ್ಟಿದ್ದಳು. ಅವನು ಬಿದ್ದ ಗಾಡಿಯ ಫೋಟೋ ತೆಗೆದು ಕೈಯಲ್ಲಿದ್ದ ಯಂತ್ರ ಒತ್ತಿ, “ದಂಡದ ಮೆಸೇಜ್ ಗಾಡಿ ಮಾಲಕರ ಮೊಬೈಲಿಗೆ ಬರ್ತದರಿ,” ಎಂದು ಹೇಳಿ ಹೋದ.

ಬರಲಿಲ್ಲ. ನನ್ನಂಥವನಿಗೆ ದಂಡ ಬರುವುದಕ್ಕಿಂತ ದಂಡ ಬರದಿರುವುದು ದೊಡ್ಡ ಸಂಕಟ. ಕಾಲಿಗೆ ಪಟ್ಟಿ ಸುತ್ತಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಕುಂಟುತ್ತ ತಿರುಗಿದೆ. ಫೋನು ‘ಟಿಂಗ್’ ಎಂದರೆ ಓಡುವುದು. ನೋಡಿದರೆ ಯಾರೋ ಸಾಲ ಕೊಡುತ್ತೇನೆ ಅನ್ನುವವರು. “ಒಂದು ಕಡೆ ಕುಂಡ್ರಿ. ನಿಮ್ಮನ್ನ ನೋಡಿ ನೋಡಿ ನನ್ನ ಕಾಲು ನೋಯಾಕತ್ತಾವ,” ಎಂದಳು ಮಹಾದೇವಿ. ಎಂಟನೆಯ ದಿನ ತಡೆಯಲಾರದೆ ವಿಮೆ ಏಜೆಂಟ್ ಶಿವಶರಣಪ್ಪನ ಅಂಗಡಿಗೆ ಹೋದೆ. ಗಾಡಿ ರಿಪೇರಿಗೆ ಮಿಸ್ತ್ರಿ ಹೇಳಿದ ಅಂದಾಜು ಕೇಳಿ ವಿಮೆ ಇಲ್ಲದೆ ಗತಿಯಿಲ್ಲ ಎಂದು ಹೇಗೂ ಗೊತ್ತಾಗಿತ್ತು.

ಶಿವಶರಣಪ್ಪ ನನ್ನ ಫೈಲು ಬಿಚ್ಚಿದ. ಆರು ವರ್ಷದ ವಿಮೆಯ ಕಾಗದಗಳು, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಮೇಲೆ ನನ್ನ ದುಂಡನೆಯ ಅಕ್ಷರದಲ್ಲಿ ಇಸವಿ. ಅವನು ಒಂದನ್ನು ಓದಿ, ಇನ್ನೊಂದನ್ನು ಓದಿ, ನನ್ನ ಮುಖ ನೋಡಿದ.

“ಸರ್, ಹುಸೇನಸಾಬ ಅಂದ್ರ ಯಾರ್ರಿ?”

“ಯಾವ ಹುಸೇನಸಾಬ?”

“ಗಾಡಿ ಮಾಲಕರು. ಕೊಳಕೂರ, ಜೇವರ್ಗಿ ತಾಲೂಕು.”

ನೆನಪಾಯಿತು. ಆ ಗಾಡಿಯನ್ನು ಕಲಬುರಗಿಯಲ್ಲಿ ಒಬ್ಬ ದಲಾಲನಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೆ. ಮುಂದಿನ ವಾರ ಬರ್ರಿ, ಹೆಸರು ಬದಲಿ ಮಾಡಿಸಿ ಕೊಡ್ತೇನಿ ಎಂದಿದ್ದ. ಮುಂದಿನ ವಾರ ನನಗೆ ನೆಗಡಿ ಇತ್ತು. ಅದರ ಮುಂದಿನ ವಾರ ಪರೀಕ್ಷೆ. ಆಮೇಲೆ ದಲಾಲನೇ ಊರು ಬಿಟ್ಟ. ಹೀಗೆ ಆರು ವರ್ಷ ನಾನು ಇನ್ನೊಬ್ಬರ ಗಾಡಿಯ ವಿಮೆಯನ್ನು ಇನ್ನೊಬ್ಬರ ಹೆಸರಿನಲ್ಲೇ ಕಟ್ಟಿ, ಪ್ಲಾಸ್ಟಿಕ್ ಹೊದಿಕೆ ಹಾಕಿ ಕಾಪಾಡಿಕೊಂಡು ಬಂದಿದ್ದೆ. ಕಾಗದ ಇಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಓದುವುದು ಬೇರೆ ಇಲಾಖೆ.

“ಇನ್ನೊಂದು ಮಾತ್ರಿ,” ಎಂದ ಶಿವಶರಣಪ್ಪ, ಕಂಪ್ಯೂಟರಿನಲ್ಲಿ ಗಾಡಿ ನಂಬರು ಹೊಡೆದು. “ಈ ಗಾಡಿ ಮ್ಯಾಲ ಹನ್ನೆರಡು ದಂಡ ಬಿದ್ದಾವ. ಹೆಲ್ಮೆಟ್ ಇಲ್ಲ, ಮೂರು ಮಂದಿ, ಸಿಗ್ನಲ್ ದಾಟಿದ್ದು. ಆದ್ರ ಹನ್ನೆರಡೂ ಕಟ್ಟೀರಿ. ಮೊನ್ನಿದು ಮರುದಿನಾನ ಕಟ್ಟೀರಿ. ನಿಮ್ಮಂಥ ಗಿರಾಕಿ ನಮ್ಮ ತಾಲೂಕಿನಾಗ ಇನ್ನೊಬ್ರಿಲ್ಲ ಬಿಡ್ರಿ.”

ಹೊಗಳಿಕೆ ಅಪರೂಪವಾದ್ದರಿಂದ ಅರ್ಧ ನಿಮಿಷ ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ, “ನಾ ಒಂದೂ ಕಟ್ಟಿಲ್ಲೋ ಶಿವಶರಣಪ್ಪ,” ಎಂದೆ. ಇಬ್ಬರೂ ಕಂಪ್ಯೂಟರನ್ನೇ ನೋಡುತ್ತ ಕೂತೆವು.

ಉಪಾಯ ಅವನೇ ಹೇಳಿದ. ಕ್ಲೇಮ್ ಫಾರಂನಲ್ಲಿ ಮಾಲಕರು ಸಹಿ ಮಾಡಬೇಕು. ಗಾಡಿ ನನ್ನದೇ, ಗೆಳೆಯನಿಗೆ ಕೊಟ್ಟಿದ್ದೆ ಎಂದು ಎರಡು ಸಾಲು ಬರೆದುಕೊಡಬೇಕು. ಅಪಘಾತದ ಕಾರಣ ಎಂಬಲ್ಲಿ ನಾನು ಆಗಲೇ ‘ಕಬ್ಬು’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ನಾಯಿ ಅಡ್ಡ ಬಂತು’ ಎಂದು ಬರೆಸಿದ. “ನಾಯಿ ಅಂದ್ರ ಯಾರೂ ಏನೂ ಕೇಳಂಗಿಲ್ರಿ. ನಮ್ಮ ಕಡೆ ಎಲ್ಲಾ ಗಾಡಿಗೂ ಅದ ಒಂದು ನಾಯಿ ಅಡ್ಡ ಬರ್ತದ,” ಎಂದ.

ಅಫಜಲಪುರದಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ, ಅಲ್ಲಿಂದ ಕೊಳಕೂರ. ಮೂರು ಬಸ್ಸಿನಲ್ಲೂ ಮಡಚಲಾರದ ಕಾಲನ್ನು ಚಾಚಿ, ಹಾದುಹೋಗುವವರ ಕ್ಷಮೆ ಕೇಳುತ್ತ, ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿದೆ. ಮೊದಲು ಹುಸೇನಸಾಬರನ್ನು ನಮ್ಮ ಅಪ್ಪನ ಗೆಳೆಯ ಎಂದುಕೊಂಡೆ. ಅವರ ವಯಸ್ಸು ಗೊತ್ತಿಲ್ಲವಲ್ಲ ಎಂದು ಜೇವರ್ಗಿಯಲ್ಲಿ ನನ್ನ ಗೆಳೆಯ ಮಾಡಿಕೊಂಡೆ. ಸಹಿ ಮಾಡದಿದ್ದರೆ? ಬೈದರೆ? ಬೈಯುವುದು ಖಂಡಿತ. ಕಂಡಕ್ಟರ್ ಎರಡು ಸಲ, “ಯಾರ ಕೂಡ ಮಾತಾಡಾಕತ್ತೀರಿ?” ಎಂದು ಕೇಳಿದ.

ಕೊಳಕೂರಿನಲ್ಲಿ ಹೆಸರು ಹೇಳಿದ ಕೂಡಲೇ, “ಡ್ರೈವರ್ ಚಾಚಾನ ಮನಿ ಏನ್ರಿ?” ಎಂದು ತೋರಿಸಿದರು. ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದವಳು ಮೊರ ಕೆಳಗಿಟ್ಟು ಒಳಗೆ ಕೂಗಿದಳು: “ಅಜೀ, ವೋಇಚ್ ಆಯಾ ದೇಖೋ.” ಅವನೇ ಬಂದ ನೋಡ್ರಿ ಎಂದು. ಅಷ್ಟು ಉರ್ದು ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಅರ್ಥವಾಗದ್ದು ಒಂದೇ, ನಾನು ಯಾವ ‘ಅವನು’ ಎಂಬುದು.

ಒಳಗಿಂದ ಬಂದ ಹುಸೇನಸಾಬರು ಬಿಳಿ ಗಡ್ಡದ, ನೆಟ್ಟಗೆ ನಿಲ್ಲುವ ಮನುಷ್ಯ. ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬರ್ರಿ, ಕುಂಡ್ರಿ. ಕಾಲಿಗೆ ಅಷ್ಟ ಏನ್ರಿ? ತಲಿಗೆ ಏನಾಗಿಲ್ಲಲ್ಲ?”

ನಾನು ತಬ್ಬಿಬ್ಬಾಗಿ, “ನಿಮಗ ನನ್ನ ಗುರ್ತು…” ಎಂದೆ.

“ಆರು ವರ್ಷ ಆತು ನಿಮ್ಮ ಮಾರಿ ನೋಡಾಕತ್ತಿ,” ಎಂದು ಫೋನು ತೆಗೆದು ತೋರಿಸಿದರು. ಕಲಬುರಗಿಯ ಕ್ಯಾಮೆರಾಗಳು ಹಿಡಿದ ನಾನು. ಬರಿದಲೆಯ ನಾನು, ಬಾಯಿ ತೆರೆದ ನಾನು, ಹೊಸ ಕುಕ್ಕರ್ ತೊಡೆಯ ಮೇಲಿಟ್ಟುಕೊಂಡ ಮಹಾದೇವಿ ಮತ್ತು ನಾನು, ಭಾವ ಮತ್ತು ಅವನ ಮಗನನ್ನು ಹಿಂದೆ ಕೂಡಿಸಿಕೊಂಡ ನಾನು. ಪ್ರತಿ ದಂಡದ ಮೆಸೇಜಿನ ಕೊಂಡಿ ಒತ್ತಿದರೆ ಫೋಟೋ ಬರುತ್ತದಂತೆ. ಗಂಡಹೆಂಡತಿ ಕೂಡಿ ನೋಡುತ್ತಿದ್ದರಂತೆ. ನಮ್ಮ ಮದುವೆಯಾದ ಮೇಲೆ ನಾವಿಬ್ಬರು ಇಷ್ಟು ಫೋಟೋ ತೆಗೆಸಿಕೊಂಡಿಲ್ಲ.

“ನಿಮ್ಮ ಮನ್ಯಾಗಿನ ಬಾಯಾರು ಆರಾಮ ಅದಾರೇನ್ರಿ?” ಎಂದಳು ಅವರ ಹೆಂಡತಿ ಚಾಚಿ, ನೀರಿನ ತಂಬಿಗೆ ಇಡುತ್ತ. “ಕುಕ್ಕರ್ ತಂದಮ್ಯಾಲ ಕಂಡೇ ಇಲ್ಲ ಅವರು. ನೀವಂತೂ ಹೋದ ಬ್ಯಾಸಗ್ಯಾಗ ಭಾಳ ಸೊರಗಿದ್ರಿ.”

“ಕಾಮಣಿ ಆಗಿತ್ತು ಚಾಚಿ.”

“ನಾ ಅವತ್ತ ಅಂದಿದ್ದೆ ಇವರಿಗೆ, ಕಣ್ಣು ಹಳದಿ ಅದಾವ ಅಂತ.”

ನನ್ನ ಕ್ಯಾಲೆಂಡರಿನಲ್ಲಿ ಆ ಬೇಸಿಗೆಯ ಸಿಲಿಂಡರಿನ ತಾರೀಖು ಇದೆ. ಕಣ್ಣಿನ ಬಣ್ಣ ಇಲ್ಲ.

ದಂಡ ಯಾಕೆ ಕಟ್ಟಿದಿರಿ ಚಾಚಾ ಎಂದು ಕೇಳಿದೆ. ಅವರು ಸಿಟ್ಟಿಲ್ಲದೆ ಹೇಳಿದರು: “ಮೆಸೇಜಿನಾಗ ನನ್ನ ಹೆಸರು ಇರ್ತದಲ್ರಿ. ಮೂವತ್ತೆರಡು ವರ್ಷ ಬಸ್ ಹೊಡದೇನಿ. ಒಂದು ಕೋಳಿಗೂ ಹಾಯಿಸಿಲ್ಲ. ಈಗ ಮುದುಕಾದ ಮ್ಯಾಲ ಸಿಗ್ನಲ್ ಹಾರಿದ ಹುಸೇನಸಾಬ ಅಂತ ಅಂದ್ರ ಹೆಂಗ? ಠಾಣಾಕ್ಕ ಹೋಗಿ ಕೇಳಿದೆ. ಮಾರಿದ ಕಾಗದ ತೋರ್ಸು ಅಂದ್ರು. ಎಲ್ಲಿಂದ ತರ್ಲಿ? ದಲಾಲಗ ನಂಬಿ ಕೊಟ್ಟು ಬಂದಿದ್ದೆ. ತಪ್ಪು ನಂದೂ ಅದ. ಬಂದಾಂಗೆಲ್ಲಾ ಕಟ್ಟಿ ಅಳಿಸಿದೆ.” ಕೊನೆಯ ಫೋಟೋ ತೋರಿಸಿ ಮುಂದುವರಿಸಿದರು: “ಮೊನ್ನೆ ಹನ್ನೆರಡನೇದು ಬಂತು ನೋಡ್ರಿ, ಅದ್ರಾಗ ಗಾಡಿ ಮಲಗಿತ್ತು, ನೀವು ಇರ್ಲಿಲ್ಲ. ಕಟ್ಟಿದೆ. ಆದ್ರ ಯಾರನ್ನ ಕೇಳ್ಬೇಕು? ಇಕಿ ದಿನಾ ಕೇಳಾಕತ್ತಿದ್ಲು, ಆ ಮನಷಾ ಅದಾನೋ ಇಲ್ಲೋ ಅಂತ.”

ನಾನು ನೀರು ಕುಡಿದೆ. ಎಂಟು ದಿನ ನಾನು ದಂಡಕ್ಕಾಗಿ ತಿರುಗಾಡಿದ್ದೆ, ಇಲ್ಲಿ ಇಬ್ಬರು ನನಗಾಗಿ ತಿರುಗಾಡಿದ್ದರು. ಹನ್ನೆರಡು ದಂಡದ ದುಡ್ಡು ಕೊಟ್ಟೆ. “ಬ್ಯಾಡ ಅನ್ನಾಕ ನಾನೇನು ಸಾಧು ಅಲ್ರಿ,” ಎಂದು ತೆಗೆದುಕೊಂಡರು. ಅದೇ ಧೈರ್ಯದ ಮೇಲೆ ಕ್ಲೇಮ್ ಫಾರಂ ಚಾಚಿದೆ. ನಿಧಾನ ಓದಿದರು.

“ನಾಯಿ ಅಡ್ಡ ಬಂತು. ಯಾವ ಬಣ್ಣದ್ದರಿ?”

“ಕಂದು… ಕರೀದು ಇರ್ಬೇಕು.”

“ಯಾವ ಕಡಿಂದ ಬಂತು?”

“ಎಡಗಡಿಂದ.”

“ಎಡಗೈಗೇ ಕೆತ್ತೇದ. ನಾಯಿ ಎಡಗಡಿಂದ ಬಂದ್ರ ಮನಷಾ ಬಲಕ್ಕ ಬೀಳ್ತಾನ್ರಿ. ಖರೇ ಹೇಳ್ರಿ.”

ಹೇಳಿದೆ. ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ಕೆಮ್ಮಿನಂಥ ಸಪ್ಪಳ ಬರುತ್ತಿತ್ತು. ಚಾಚಾ ಮಾತ್ರ ನಗಲಿಲ್ಲ. ಫಾರಂ ಮಡಚಿ ನನ್ನ ಕೈಯಲ್ಲಿಟ್ಟರು.

“ದಂಡ ಆದ್ರ ಕಟ್ಟಿದ್ರ ಅಳೀತದ. ಇದಕ್ಕ ಸಹಿ ಮಾಡಿದ್ರ ನನ್ನ ಗಾಡಿ, ನನ್ನ ಗೆಳ್ಯಾ, ನನ್ನ ಅಪಘಾತ ಅಂತ ಆಗ್ತದ. ಅದು ಅಳಿಯಂಗಿಲ್ರಿ. ನಾ ಸಾಯೋತನಕ ಒಂದೂ ಅಪಘಾತ ಇಲ್ಲ ಅಂತ ಹೇಳ್ಕೋಬೇಕಂತೀನಿ. ಅದೊಂದ ಅದ ನನ್ನ ಕಡೆ.”

ರಿಪೇರಿಯ ಅಂದಾಜು ಕಣ್ಣ ಮುಂದೆ ಬಂತು. ಬಾಯಿಪಾಠ ಮಾಡಿದ್ದೆಲ್ಲ ನಾಲಗೆಯ ತುದಿಯಲ್ಲೇ ಇತ್ತು: ಯಾರಿಗೂ ಗೊತ್ತಾಗಂಗಿಲ್ಲ ಚಾಚಾ, ಬರೇ ಎರಡು ಸಾಲು. ಆದರೆ ಮುಂದೆ ಕೂತವರು ನನ್ನ ಹನ್ನೆರಡು ಕಪ್ಪುಚುಕ್ಕೆಗಳನ್ನು ತಮ್ಮ ಪಿಂಚಣಿಯಿಂದ ತಿಕ್ಕಿ ತೊಳೆದವರು. ಹದಿಮೂರನೆಯದನ್ನೂ ಹಚ್ಚಲು ನನ್ನಂಥ ಮೊಂಡನಿಗೂ ಕೈ ಬರಲಿಲ್ಲ. ಫಾರಮ್ಮನ್ನು ಫೈಲಿಗೆ ಹಾಕಿದೆ, ಪ್ಲಾಸ್ಟಿಕ್ ಹೊದಿಕೆ ಸಮೇತ. ಮುಂದಿನ ವಾರ ನೆಗಡಿ ಬರುವ ಮೊದಲೇ ಇಬ್ಬರೂ ಕಲಬುರಗಿ ಆರ್‌ಟಿಓಗೆ ಹೋಗಿ, ಇಡೀ ದಿನ ಬೆಂಚಿನ ಮೇಲೆ ಕೂತು, ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿದೆವು. ವಿಮೆಯ ದುಡ್ಡು ಬರಲಿಲ್ಲ. ಮಿಸ್ತ್ರಿಗೆ ಕೊಟ್ಟ ದುಡ್ಡು ಕೇಳಿ ಮಹಾದೇವಿ, “ಇಷ್ಟರಾಗ ಒಂದು ಟ್ರೇಲರ್ ಕಬ್ಬು ಬರ್ತಿತ್ತು,” ಎಂದಳು. ಬಳ್ಳೊಳ್ಳಿಯನ್ನು ಬುಟ್ಟಿಗೆ ಸುರುವಿ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟಳು.

ತಿಂಗಳೊಪ್ಪತ್ತು ಕಳೆದಿರಬೇಕು. ಗಾಡಿಯ ಮೇಲೆ ಶಾಲೆಗೆ ಹೊರಟಿದ್ದೆ. ಫೋನು ಬಡಿಯಿತು. ಹೆಲ್ಮೆಟ್ಟಿನಿಂದ ಇರುವ ಒಂದು ಅನುಕೂಲವೆಂದರೆ ಫೋನನ್ನು ಕಿವಿಯ ಹತ್ತಿರ ಅದರೊಳಗೇ ಸಿಗಿಸಿಬಿಡಬಹುದು, ಎರಡೂ ಕೈ ಖಾಲಿ. ಸಿಗಿಸಿದೆ.

“ಸಲಾಮ್ರಿ ಸರ್. ಆರಾಮ ಅದೀರೇನು?” ಹುಸೇನಸಾಬರು. “ಏನಿಲ್ಲ, ಮೆಸೇಜ್ ಬರೋದು ಬಂದ್ ಆಗೇದಲ್ಲ, ನಿಮ್ಮ ಸುದ್ದೀನ ಇಲ್ಲ ಅಂತ ಇಕಿ ಅನ್ನಾಕತ್ತಿದ್ಲು. ಎಲ್ಲಿ ಅದೀರಿ?”

“ಮನ್ಯಾಗ ಅದೇನ್ರಿ ಚಾಚಾ,” ಎಂದೆ.

ಆ ಮಾತು ಮುಗಿಯುವುದಕ್ಕೂ ಹಿಂದಿನಿಂದ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ಫೋನಿನ ಆ ಕಡೆ ಇದ್ದವರು, ಮೂವತ್ತೆರಡು ವರ್ಷ ಆ ಹಾರನ್ ಹೊಡೆದ ಮನುಷ್ಯ.

“ಮನ್ಯಾಗ ಬಸ್ ಬಂದದ ಅಂದ್ರ, ಬಾಜೂಕ ಸರದು ಅದಕ್ಕ ದಾರಿ ಕೊಡ್ರಿ ಸರ್.”

ಸರಿದೆ. ಬಸ್ಸು ಧೂಳೆಬ್ಬಿಸಿ ಹೋಯಿತು. ಚಾಚಾ ಇನ್ನೂ ಲೈನಿನಲ್ಲಿದ್ದರು. ನಾನು ಗಾಡಿ ಬಂದ್ ಮಾಡಿದ ಸಪ್ಪಳ ಕೇಳಿದ ಮೇಲೆಯೇ ಫೋನು ಇಟ್ಟರು.