ನಾನೂರ ಹದಿಮೂರನೆಯ ಬೀದಿ

ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ, ಕೋಬಾಲಪ್ಪ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುತ್ತಿದ್ದ.

ಕೋಬಾಲಪ್ಪ ಅನ್ನುವುದು ನೀರು ಸರಬರಾಜು ಕಚೇರಿಯವರು ಅವನಿಗೆ ಇಟ್ಟ ಹೆಸರು. ನಾಳೆ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು ಎಂಬ ಪಟ್ಟಿಯನ್ನು ದಿನವೂ ಸಂಜೆ ಐದಕ್ಕೆ ಅಲ್ಲಿ ಒಂದು ಪ್ರೋಗ್ರಾಂ ಅಚ್ಚು ಹಾಕಿ ಕೊಡುತ್ತದೆ. ಅದನ್ನು ಕೋಬಾಲ್ ಎಂಬ ಮುದಿ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ಇವನೇ, ಅದು ಅರ್ಥವಾಗುವುದೂ ಇವನೊಬ್ಬನಿಗೇ. ಹಾಗೆ ಬರೆದ ತಪ್ಪಿಗೆ ಏಳು ವರ್ಷದಿಂದ ಹೆಂಡತಿ, ಮಗಳು ಬೇರೊಂದು ಊರಲ್ಲಿ, ಇವನು ಕಚೇರಿಯ ಹಿಂದಿನ ಓಣಿಯ ಬಾಡಿಗೆ ಕೋಣೆಯಲ್ಲಿ. ಆ ಓಣಿಯಲ್ಲಿ ಇದ್ದದ್ದು ಒಂದೇ ನಲ್ಲಿ, ಇವನದು.

ಕೊನೆಗೂ ಹೆಂಡತಿಯ ಊರಿಗೆ ವರ್ಗಾವಣೆಯಾಗಿತ್ತು. ಷರತ್ತು ಒಂದೇ. ಇವತ್ತು ಸಂಜೆಯೊಳಗೆ ಪಟ್ಟಿಯ ಕೆಲಸ ಹೊಸ ಪ್ರೋಗ್ರಾಮಿಗೆ ಹೋಗಬೇಕು, ಇಲ್ಲದಿದ್ದರೆ ಅಲ್ಲಿಯ ಜಾಗ ಬೇರೆಯವರ ಪಾಲು. ಕೋಬಾಲಪ್ಪ ಬೆಳಗಾಗುತ್ತಲೇ ಹಾಸಿಗೆ ಸುತ್ತಿಟ್ಟು, ತನ್ನ ನೀಲಿ ಬಕೆಟ್ಟನ್ನು, ಬೀದಿ ಬೀದಿಗೆ ನೀರು ತಿರುಗಿಸುವ ವಾಲ್ವ್ ಮೇಸ್ತ್ರಿಗೆ ಕೊಟ್ಟುಬಿಟ್ಟಿದ್ದ.

ಹೊಸ ಪ್ರೋಗ್ರಾಂ ಒಂದಲ್ಲ, ಎರಡಿದ್ದವು. ಸಹೋದ್ಯೋಗಿ ಪೈಥಾನಮ್ಮ ಪೈಥಾನ್‌ನಲ್ಲಿ, ಜಾವಾರಾಯ ಜಾವಾದಲ್ಲಿ, ತಿಂಗಳಿಂದ ಮುಖ ಮುಖ ನೋಡದೆ ಬರೆಯುತ್ತಿದ್ದರು.

"ಯಾವ ಭಾಷೇಲಿರೋದನ್ನ ತಗೊಳ್ಳೋಣ? ನೀವೇ ಹೇಳಿಬಿಡಿ," ಎಂದರು ಕಚೇರಿಯ ಮುಖ್ಯಸ್ಥೆ ಮೇಡಂ.

ಯಾವುದೋ ಒಂದು ಹೆಸರು ಹೇಳಿ ಬಸ್ಸು ಹತ್ತುವುದು ಬಿಟ್ಟು ಕೋಬಾಲಪ್ಪ ಸತ್ಯ ಹೇಳಿದ. "ಎರಡೂ ಒಳ್ಳೇದೇ ಮೇಡಂ. ಬೇಗ ಆಗ್ಬೇಕು ಅಂದ್ರೆ ಪೈಥಾನ್. ಹತ್ತು ಜನ ಸೇರಿ ಮಾಡೋ ದೊಡ್ಡ ಕೆಲ್ಸಕ್ಕೆ ಜಾವಾ."

"ಬೇಗ ಅಂದ್ರೇನು ಸಾರ್? ನಾವು ಕಾಟಾಚಾರಕ್ಕೆ ಮಾಡೋರಾ?" ಪೈಥಾನಮ್ಮ ಎದ್ದು ನಿಂತಳು.

"ಹತ್ತು ಜನ ಬೇಕು ಅಂದ್ರೆ, ನನ್ನೊಬ್ಬನ ಕೈಲಾಗಲ್ಲ ಅಂತ ತಾನೇ?" ಜಾವಾರಾಯ ಕನ್ನಡಕ ತೆಗೆದ.

ಅಲ್ಲಿಂದ ಮಧ್ಯಾಹ್ನದವರೆಗೆ ಕಚೇರಿಯಲ್ಲಿ ಬೇರೆ ಮಾತಿಲ್ಲ. ಪೈಥಾನಮ್ಮ ಇವನನ್ನು ಮೆಟ್ಟಿಲ ಹತ್ತಿರ ಹಿಡಿದಳು. "ಅವನ ಭಾಷೇಲಿ ನಮಸ್ಕಾರ ಅನ್ನೋಕೂ ಮೂರು ಅರ್ಜಿ ಹಾಕ್ಬೇಕು ಸಾರ್!" ಜಾವಾರಾಯ ಕೈತೊಳೆಯುವಲ್ಲಿ ಹಿಡಿದ. "ಅವಳ ಭಾಷೇಲಿ ಸಾಲಿನ ಮುಂದೆ ಜಾಗ ಒಂಚೂರು ಆಚೀಚೆ ಆದ್ರೂ ಊರೇ ಮುಳುಗುತ್ತೆ ಸಾರ್!" ಇಬ್ಬರಿಗೂ ತಲೆಯಾಡಿಸಿ, ಇಬ್ಬರ ಕೈಲೂ ಬೈಸಿಕೊಂಡು, ಕೋಬಾಲಪ್ಪ ತಣ್ಣಗಾದ ಊಟ ತಿಂದ.

ಮೇಡಮ್ಮಿಗೂ ಸಾಕಾಗಿತ್ತು. "ನಾಲ್ಕೂವರೆಗೆ ಎರಡೂ ಓಡ್ಲಿ. ಸರಿಯಾದ ಪಟ್ಟಿ ಕೊಟ್ಟೋರು ಗೆದ್ದ ಹಾಗೆ. ತಾಳೆ ನೋಡೋಕೆ ಹಳೇದೂ ಓಡ್ಲಿ." ಯಾರು ಗೆದ್ದರೂ ತನ್ನ ಬಸ್ಸಿಗೇನೂ ತೊಂದರೆಯಿಲ್ಲವೆಂದು ಕೋಬಾಲಪ್ಪ ಗಡಿಯಾರ ನೋಡಿಕೊಂಡ.

ಪೈಥಾನ್ ಪಟ್ಟಿ ಮೂರೇ ನಿಮಿಷಕ್ಕೆ ಬಂತು. ಒಂದು ಸಾಲು ಪಕ್ಕಕ್ಕೆ ಸರಿದು ಅಲ್ಲದ ಜಾಗದಲ್ಲಿ ಕೂತಿದ್ದರಿಂದ ಇಡೀ ಊರಿಗೆ ಬೆಳಗಿನ ಜಾವ ನಾಲ್ಕಕ್ಕೇ ನೀರು, ಎಲ್ಲ ಬೀದಿಗೂ ಒಟ್ಟಿಗೆ. ಜಾವಾರಾಯನ ಬಳಿ ಎಪ್ಪತ್ತು ಕಡತಗಳಿದ್ದವು. ಬೀದಿ ಅನ್ನುವುದಕ್ಕೊಂದು, ಬೀದಿಯನ್ನು ತಯಾರಿಸುವವನಿಗೊಂದು, ಆ ತಯಾರಕನನ್ನು ತಯಾರಿಸುವವನಿಗೊಂದು. ನೀರಿನ ಭಾಗ ಮುಂದಿನ ವಾರ ಬರೆಯುವವನಿದ್ದ.

ಕೋಬಾಲ್ ಅರ್ಧದಲ್ಲೇ ನಿಂತುಹೋಯಿತು. ಇಪ್ಪತ್ತು ವರ್ಷದ ಹಿಂದೆ, ಊರು ಇನ್ನು ಬೆಳೆಯುವುದಿಲ್ಲವೆಂದು ನಂಬಿ, ಕೋಬಾಲಪ್ಪ ಅದರಲ್ಲಿ ನಾನೂರ ಹನ್ನೆರಡು ಬೀದಿಗಷ್ಟೇ ಜಾಗ ಬಿಟ್ಟಿದ್ದ. ಅಂದು ಬೆಳಿಗ್ಗೆ ಹೊಸ ಬಡಾವಣೆಯ ಬೀದಿಯೊಂದನ್ನು ಯಾರೋ ಸೇರಿಸಿದ್ದರು.

"ಒಂದ್ಗಂಟೆ ಕೊಡಿ, ಸರಿ ಮಾಡ್ತೀನಿ," ಎಂದಳು ಪೈಥಾನಮ್ಮ. ಮೇಡಂ ಹೂಂ ಅನ್ನುವುದರಲ್ಲಿದ್ದರು.

ಪಟ್ಟಿಗಾಗಿ ಬಂದು ನಿಂತಿದ್ದ ವಾಲ್ವ್ ಮೇಸ್ತ್ರಿ ಗೊಣಗಿದ. "ಒಂದ್ಗಂಟೆ ಆದ್ರೆ ನನ್ನ ಹುಡುಗ್ರು ಮನೆಗೆ ಹೋಗಿರ್ತಾರೆ ಮೇಡಂ. ನಾಳೆ ಊರಿಗೆ ನೀರಿಲ್ಲ, ಅಷ್ಟೇ."

ಕೋಬಾಲಪ್ಪ ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ತಾನು ಸಾಕಿದ್ದು ನಾಲ್ಕು ಜನರೆದುರು ಹೀಗೆ ಬಿದ್ದಿರುವುದನ್ನು ನೋಡಿ ಅವನಿಗೆ ಅವಮಾನವಾಯಿತು. ಕೈ ತಾನಾಗಿ ಕೀಲಿಮಣೆಗೆ ಹೋಯಿತು. ಜಾಗ ಹೆಚ್ಚಿಸಿ ಪರೀಕ್ಷೆ ಮಾಡುತ್ತ ಕೂರಲು ಹೊತ್ತಿಲ್ಲ, ಯಾವುದಾದರೂ ಒಂದು ಬೀದಿ ತೆಗೆಯಬೇಕು. ತಾನಿದ್ದ ಹಿಂದಿನ ಓಣಿಯಲ್ಲಿ ನಾಳೆಯಿಂದ ಯಾರಿದ್ದಾರೆ? ಅದನ್ನು ಅಳಿಸಿದ. ಐದಕ್ಕೆ ಸರಿಯಾಗಿ ಪಟ್ಟಿ ಬಂತು, ಒಂದೂ ತಪ್ಪಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ಕೋಬಾಲಪ್ಪನಿಗೆ ತಾನು ಮಾಡಿದ್ದೇನೆಂದು ಗೊತ್ತಾಯಿತು.

"ಇದನ್ನ ಇವರಿಬ್ಬರೂ ಕಲ್ತುಕೊಳ್ಳಲಿ ಮೇಡಂ, ನಾನು ಹೊರಡ್ತೀನಿ," ಎಂದ.

"ಅದನ್ನಾ? ನಾವಾ?" ಪೈಥಾನಮ್ಮನೂ ಜಾವಾರಾಯನೂ ಒಟ್ಟಿಗೆ ಅಂದರು. ತಿಂಗಳಲ್ಲಿ ಮೊದಲ ಸಲ ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಮೇಡಂ ಅವನ ವರ್ಗಾವಣೆಯ ಬಿಡುಗಡೆ ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು. "ನಿಮ್ಮಂಥವರನ್ನ ಕಳಿಸೋಕಾಗುತ್ತೇನ್ರೀ?"

ಹೊರಗೆ ಬಂದಾಗ ಹೆಂಡತಿಯ ಫೋನು. "ಬಸ್ ಹತ್ತಿದ್ರಾ? ಮಗಳು ಆಗ್ಲೇ ಬಾಗಿಲಲ್ಲಿ ನಿಂತಿದಾಳೆ."

"ಇಲ್ಲ ಕಣೇ. ಗೆದ್ದುಬಿಟ್ಟೆ."

ವಿಷಯವೆಲ್ಲ ಕೇಳಿ ಅವಳು, "ನಿಮ್ಮನ್ನ ಯಾರು ಗೆಲ್ಲಿ ಅಂದ್ರು ರೀ?" ಎಂದು ಫೋನಿಟ್ಟಳು.

ಗೇಟಿನ ಬಳಿ ಮೇಸ್ತ್ರಿ ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ನೀಲಿ ಬಕೆಟ್ಟು ಹಿಡಿದು ನಿಂತಿದ್ದ. "ನೀವು ಹೋಗಲ್ವಂತೆ, ಭಾಳ ಸಂತೋಷ ಸಾರ್. ಆದ್ರೆ ಪಟ್ಟೀಲಿ ನಿಮ್ಮ ಓಣಿನೇ ಇಲ್ವಲ್ಲ?"

"ತಪ್ಪಾಗಿದೆ. ನಾಳೆ ಹಾಗೇ ಒಂಚೂರು ಬಿಟ್ಟುಬಿಡಪ್ಪ."

"ಅದ್ಹೆಂಗೆ ಸಾರ್? ಪಟ್ಟೀಲಿ ಇಲ್ಲದ ವಾಲ್ವ್ ಮುಟ್ಟಬೇಡ ಅಂತ ನೀವೇ ತಾನೇ ಕಲಿಸಿದ್ದು?" ಮೇಸ್ತ್ರಿ ಸ್ವಲ್ಪ ಯೋಚಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಬಕೆಟ್ಟನ್ನು ಮುಂದೆ ಚಾಚಿದ. "ಇದನ್ನ ತಗೊಳ್ಳಿ. ಪಕ್ಕದ ಬೀದೀಲಿ ನಾಳೆ ಬೆಳಿಗ್ಗೆ ಆರೂವರೆಗೆ ನೀರು ಬರುತ್ತೆ, ಬೇಗ ಹೋಗಿ ಸಾಲಲ್ಲಿ ನಿಂತ್ಕೊಳ್ಳಿ."