ಬೀಗ ಬಂದ ದಿನ

ವೆಬ್‌ಸೈಟಿನ ಚಿತ್ರವೊಂದರ ವಿಳಾಸದ ತಲೆಯಲ್ಲಿ, ‘ಎಚ್‌ಟಿಟಿಪಿ’ಯ ಕೊನೆಗೆ, ಒಂದು ‘ಎಸ್’ ಸೇರಿಸಿದ್ದೇ ತಡ, ಕಂಪ್ಯೂಟರಿನ ತೆರೆಯ ಮೇಲಿದ್ದ ಥರ್ಮಾಮೀಟರ್ ಮಾಯವಾಯಿತು. ಎಬ್ಬೆ ಕುರ್ಚಿಯಿಂದ ಏಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

“ನನ್ನ ಥರ್ಮಾಮೀಟರ್ ಎಲ್ಲಿ?” ಮೂರನೇ ಮಹಡಿಯ ಸಿಕ್ಸ್‌ಟೆನ್, ಎಂಬತ್ತಮೂರು ವರ್ಷದ ಮುದುಕ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದ.

“ಐದು ನಿಮಿಷ ಕೊಡಿ ಸಿಕ್ಸ್‌ಟೆನ್.”

“ಹೊರಗೆ ಎಷ್ಟು ಚಳಿ ಅಂತ ಜನ ಹೇಗೆ ತಿಳ್ಕೋಬೇಕು?”

“ಕಿಟಕಿ ತೆಗೆದು ನೋಡಬಹುದಲ್ಲ.”

“ಕಿಟಕಿ ತೆಗೆದ್ರೆ ಚಳಿ ಆಗುತ್ತೆ” ಎಂದ ಸಿಕ್ಸ್‌ಟೆನ್, ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವವನಂತೆ.

ಯೆವ್ಲೆ ಪಟ್ಟಣದ ಆ ನಲವತ್ತು ಮನೆಗಳ ಕಟ್ಟಡಕ್ಕೊಂದು ಸಂಘ, ಸಂಘಕ್ಕೊಂದು ವೆಬ್‌ಸೈಟ್. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಸರದಿ ಹಿಡಿಯುವುದು ಅಲ್ಲೇ. ಅರ್ಜಿ ಕಳಿಸುವುದೂ ಅಲ್ಲೇ, ಬೇರೆ ದಾರಿಯಲ್ಲಿ ಬಂದ ಅರ್ಜಿಯನ್ನು ಅಧ್ಯಕ್ಷೆ ಗುನ್ವೋರ್ ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಹಿಂದೊಮ್ಮೆ ಸಂಘದ ಪ್ರಿಂಟರಿಗೆ ಶಾಯಿ ತುಂಬಿಕೊಟ್ಟ ತಪ್ಪಿಗೆ ಸೈಟನ್ನು ನೋಡಿಕೊಳ್ಳುವ ಕೆಲಸ ಎಬ್ಬೆಯ ಕೊರಳಿಗೆ ಬಿದ್ದಿತ್ತು. ಮೂರು ವಾರದ ಹಿಂದೆ ಅವನು ಅದನ್ನು ‘ಎಸ್’ ಇರುವ ಭದ್ರವಾದ ಹೊಸ ದಾರಿಗೆ ಬದಲಿಸಿದ್ದ. ಅಂದಿನಿಂದ, ವಿಳಾಸದ ಪಕ್ಕ ಸುರಕ್ಷಿತವೆಂದು ಸಾರುವ ಪುಟ್ಟ ಬೀಗದ ಗುರುತು ಕಾಣಬೇಕಾದ ಜಾಗದಲ್ಲಿ ಒಂದು ಎಚ್ಚರಿಕೆ: ‘ಈ ಪುಟ ಪೂರ್ತಿ ಸುರಕ್ಷಿತವಲ್ಲ.’ ಪುಟ ಹೊಸ ದಾರಿಯಲ್ಲಿ ಬಂದರೂ ಅದರೊಳಗಿನ ಒಂದೆರಡು ಚೂರುಗಳು ಇನ್ನೂ ಹಳೆಯ ಬಯಲು ದಾರಿಯಲ್ಲೇ ಓಡಾಡುತ್ತಿದ್ದವು. ಮುಂಬಾಗಿಲಿಗೆ ಮೂರು ಬೀಗ ಜಡಿದು ಹಿತ್ತಿಲ ಬಾಗಿಲು ಹಾರುಹೊಡೆದಿಟ್ಟ ಹಾಗೆ.

ಒಗೆಯುವ ಕೋಣೆಯ ಬಾಗಿಲಲ್ಲಿ ದಿನಕ್ಕೊಂದು ಚೀಟಿ, ಯಾವುದಕ್ಕೂ ಸಹಿ ಇಲ್ಲ. ‘ಸುರಕ್ಷಿತವಲ್ಲ ಎಂದು ಕಂಪ್ಯೂಟರೇ ಹೇಳುತ್ತಿದೆ. ಗುರುವಾರದ ಸರದಿಯನ್ನು ನಾನು ಈ ಚೀಟಿಯಲ್ಲೇ ಹಿಡಿದಿದ್ದೇನೆ.’ ಅದರ ಕೆಳಗೆ ಇನ್ನೊಂದು: ‘ಗುರುವಾರ ನನ್ನದು.’ ಅದರ ಕೆಳಗೆ ಪಿನ್ನು ಚುಚ್ಚಿದ ಒಂದು ಒದ್ದೆ ಕಾಲುಚೀಲ.

ಇಷ್ಟೇ ಆಗಿದ್ದರೆ ಎಬ್ಬೆ ಕೆಲಸಕ್ಕೆ ರಜೆ ಹಾಕಿ ಕೂರುತ್ತಿರಲಿಲ್ಲ. ಅವನು ಇದ್ದದ್ದು ಅಲ್ಗೋಟ್ ಎಂಬವನ ಮನೆಯಲ್ಲಿ, ಬಾಡಿಗೆಗೆ. ನಾರ್ವೆಯಲ್ಲಿ ಕೆಲಸದಲ್ಲಿದ್ದ ಅಲ್ಗೋಟ್ ಇನ್ನೊಂದು ವರ್ಷಕ್ಕೆ ಒಪ್ಪಿ ಸಹಿ ಹಾಕಿದ್ದ; ಸಂಘದ ಸಮಿತಿ ಇವತ್ತು ಸಂಜೆ ಆರಕ್ಕೆ ಸೇರಿ ಹೂಂ ಅನ್ನಬೇಕಿತ್ತು. ಉಹೂಂ ಅಂದರೆ ತಿಂಗಳೊಳಗೆ ಗಂಟುಮೂಟೆ. ಊರಿನಲ್ಲಿ ಬಾಡಿಗೆ ಮನೆಗಾಗಿ ಕಾಯುವವರ ಪಟ್ಟಿಯಲ್ಲಿ ಎಬ್ಬೆಯ ಹೆಸರು ಮೇಲೆ ಬರಲು ಇನ್ನೂ ಒಂಬತ್ತು ವರ್ಷ ಬೇಕಿತ್ತು.

ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕ ಗುನ್ವೋರ್ ಕಸದ ಚೀಲ ಹಿಡಿದುಕೊಂಡೇ ಹೇಳಿದ್ದಳು: “ಮೊದಲು ಬೀಗ ಬರ್ಲಿ. ಆಮೇಲೆ ನಿನ್ನ ಕಾಗದ ನೋಡೋಣ.”

ಹೊತ್ತುಹೊತ್ತಿಗೆ ಬದಲಾಗುವ ಆ ಥರ್ಮಾಮೀಟರಿನ ಚಿತ್ರ ಬರುತ್ತಿದ್ದುದು ಸಿಕ್ಸ್‌ಟೆನ್‌ನ ಕೋಟಿನ ಬೀರುವಿನಲ್ಲಿದ್ದ ಹಳೇ ಕಂಪ್ಯೂಟರಿನಿಂದ. ಅದಕ್ಕೆ ಹೊಸ ದಾರಿಯ ಪರಿಚಯವೇ ಇರಲಿಲ್ಲ. ಎಬ್ಬೆ ಕೋಟುಗಳ ನಡುವೆ ತಲೆ ತೂರಿಸಿ ಕೇಳಿದ: “ಇದಕ್ಕೊಂದು ಭದ್ರತೆಯ ಪ್ರಮಾಣಪತ್ರ ಹಾಕ್ಲಾ?”

“ಹತ್ತೊಂಬತ್ತು ವರ್ಷದಿಂದ ಓಡ್ತಿದೆ. ಅದಕ್ಕೆ ಯಾರ ಪ್ರಮಾಣಪತ್ರಾನೂ ಬೇಡ.”

“ಹಾಗಾದ್ರೆ ಚಿತ್ರಾನೇ ತೆಗೆದುಬಿಡ್ತೀನಿ.”

“ತೆಗಿ. ಸಂಜೆ ಸಮಿತೀಲಿ ನಾನೂ ಕೂತಿರ್ತೀನಿ.”

ಎಬ್ಬೆ ತೆಗೆಯಲಿಲ್ಲ. ಚಿತ್ರದ ಒಂದು ನಕಲು ಮಾಡಿ ಸಂಘದ ಸೈಟಿನಲ್ಲೇ ಇಟ್ಟ. ಎಚ್ಚರಿಕೆ ಹೋಯಿತು. ಅವನು ಎರಡು ಗಂಟೆ ನೆಮ್ಮದಿಯಾಗಿ ಉಸಿರಾಡಿದ. ಆಮೇಲೆ ಗುನ್ವೋರ್‌ಳ ಫೋನು.

“ಸೈಟಲ್ಲಿ ಇನ್ನೂ ಮೈನಸ್ ಆರು ತೋರಿಸ್ತಿದೆ. ಹೊರಗೆ ಹಿಮ ಕರಗಿ ಸೂರಿಂದ ನೀರು ಸುರೀತಿದೆ. ಸಿಕ್ಸ್‌ಟೆನ್ ಎರಡು ಕೋಟು ಹಾಕ್ಕೊಂಡು ಅಂಗಳದಲ್ಲಿ ಬೆವರ್ತಿದಾನೆ.”

“ಅವರಿಗೆ ಸೆಕೆ ಗೊತ್ತಾಗಲ್ವಾ?”

“ಥರ್ಮಾಮೀಟರ್ ಸುಳ್ಳು ಹೇಳಲ್ಲ ಅಂತಿದಾನೆ.”

ಐದು ನಿಮಿಷಕ್ಕೊಮ್ಮೆ ಸೈಟೇ ಆ ಹಳೇ ಕಂಪ್ಯೂಟರಿಗೆ ಹೋಗಿ ಹೊಸ ಚಿತ್ರ ತರುವ ಹಾಗೆ ಮಾಡುವಷ್ಟರಲ್ಲಿ ನಾಲ್ಕೂವರೆ. ಕೊನೆಯದಾಗಿ ಅರ್ಜಿಯ ಪುಟ ತೆರೆದು ‘ಕಳಿಸಿ’ ಒತ್ತಿದ. ‘ನೀವು ಬರೆದದ್ದು ಬೇರೆಯವರ ಕಣ್ಣಿಗೆ ಬೀಳಬಹುದು. ಆದರೂ ಕಳಿಸುವಿರಾ?’ ಎಂದು ಕೇಳಿತು ಕಂಪ್ಯೂಟರ್. ಅಂದರೆ ಆ ಗುಂಡಿಯೂ ಬಯಲು ದಾರಿಯನ್ನೇ ಹಿಡಿದಿತ್ತು. ಅದರ ವಿಳಾಸ ಎಲ್ಲಿ ಅಡಗಿದೆಯೆಂದು ಸೈಟಿನ ಕೋಡಿನ ಸಾವಿರಾರು ಸಾಲುಗಳಲ್ಲಿ ಹುಡುಕಿದ, ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ಕಾಫಿ ತಣ್ಣಗಾಯಿತು. ಐದೂ ಮುಕ್ಕಾಲಿಗೆ ಸಿಕ್ಕಿತು, ತಿದ್ದಿದ. ಪ್ರತಿಯೊಂದು ಪುಟದಲ್ಲೂ ಬೀಗ ಬಂದು ಕೂತಿತು.

ಮೂರು ಮೂರು ಮೆಟ್ಟಿಲು ಹಾರಿ ಅವನು ನೆಲಮಾಳಿಗೆಯ ಸಭೆಗೆ ಹೋದಾಗ ಗುನ್ವೋರ್ ಫೋನಿನಲ್ಲಿ ಸೈಟು ನೋಡುತ್ತಿದ್ದಳು.

“ಅಂತೂ ಬಂತಪ್ಪ ಬೀಗ.”

“ಪ್ಲಸ್ ನಾಲ್ಕು” ಎಂದ ಸಿಕ್ಸ್‌ಟೆನ್, ಮೇಲಿನ ಕೋಟು ಬಿಚ್ಚುತ್ತ. “ಈಗ ಸರಿಯಾಗಿದೆ.”

ಉಳಿದವರು ದಾಲ್ಚಿನ್ನಿ ಬನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಎಬ್ಬೆಯ ಮುಖ ಬೆಳಗಿನಿಂದ ಮೊದಲ ಸಲ ಅರಳಿತು. ಗುನ್ವೋರ್ ಅವನ ಕಾಗದ ಮುಂದಕ್ಕೆಳೆದು ಪೆನ್ನಿನ ಮುಚ್ಚಳ ತೆಗೆದಳು. ಅಷ್ಟರಲ್ಲಿ ಅವಳ ಕಣ್ಣು ಮತ್ತೆ ಫೋನಿಗೆ ಹೋಯಿತು.

“ತಡಿ. ಒಂದು ಅರ್ಜಿ ಬಂದಿದೆ. ಅಲ್ಗೋಟ್‌ದು.” ಅವಳು ಗಟ್ಟಿಯಾಗಿ ಓದಿದಳು: “‘ಮಾನ್ಯರೇ, ನನ್ನ ನಾರ್ವೆಯ ಕೆಲಸ ಮುಗಿಯಿತು. ಬರುವ ತಿಂಗಳು ಊರಿಗೆ ಮರಳುತ್ತಿದ್ದೇನೆ. ಮನೆ ನನಗೇ ಬೇಕು. ಬಾಡಿಗೆಗೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಇದನ್ನು ಮೂರು ವಾರದಿಂದ ಕಳಿಸಲು ನೋಡಿದೆ. ಪ್ರತಿ ಸಲವೂ ಬೇರೆಯವರ ಕಣ್ಣಿಗೆ ಬೀಳಬಹುದು ಎಂದು ಬಂತು, ಹೆದರಿ ಕಳಿಸದೆ ಬಿಟ್ಟೆ. ಈಗ ನೋಡಿದರೆ ಬೀಗ ಬಂದಿದೆ. ಸರಿಪಡಿಸಿದವರಿಗೆ ನನ್ನ ವಂದನೆ ತಿಳಿಸಿ.’”

ಸಿಕ್ಸ್‌ಟೆನ್ ಕೆಮ್ಮಿದ. ಬನ್ನು ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು.

“ಐದು ಐವತ್ತೆರಡಕ್ಕೆ ಬಂದಿದೆ” ಎಂದಳು ಗುನ್ವೋರ್. “ಆರಕ್ಕೆ ಮುಂಚೆ ಬಂದದ್ದನ್ನ ನೋಡದೆ ಇರೋ ಹಾಗಿಲ್ಲ.” ಪೆನ್ನಿಗೆ ಮುಚ್ಚಳ ಹಾಕಿದಳು.

ಎಬ್ಬೆ ಮೇಜಿನ ಮೇಲೆ ಬಾಗಿದ. “ಗುನ್ವೋರ್, ನಾನು ಆ ಎಚ್ಚರಿಕೇನ ಮತ್ತೆ ತಂದುಬಿಡ್ತೀನಿ. ಎರಡೇ ನಿಮಿಷದ ಕೆಲಸ. ಅರ್ಜಿ ಇನ್ನೂ ಬಂದಿಲ್ಲ ಅಂದ್ಕೊಳ್ಳೋಣ. ನೀವು ಹೂಂ ಅನ್ನಿ ಸಾಕು.”

ಗುನ್ವೋರ್ ಫೋನನ್ನು ದೂರ ಹಿಡಿದು, ಆ ಪುಟ್ಟ ಬೀಗವನ್ನು ಕನ್ನಡಕದ ಮೇಲಿನಿಂದ ಪ್ರೀತಿಯಿಂದ ನೋಡಿದಳು.

“ಬೇಡ” ಎಂದಳು.