ಠಾಣೆಗೊಬ್ಬ ಅಧ್ಯಕ್ಷ ಬೇಕಿತ್ತು

ನನ್ನ ಸೋದರತ್ತೆ ಜೀವಮಾನದಲ್ಲಿ ಒಪ್ಪಿಕೊಂಡ ವಸ್ತುಗಳು ಎರಡೇ ಎರಡು ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಅವಳ ಕನ್ನಡಕ, ಇನ್ನೊಂದು ಆ ಕನ್ನಡಕದ ಡಬ್ಬಿ. ಉಳಿದಂತೆ ಸೀರೆ, ಬಾಳೆಹಣ್ಣು, ಡಾಕ್ಟರು, ಮದುವೆಗೆಂದು ನೋಡಿಹೋದ ಮೂರು ವರಗಳು ಎಲ್ಲವೂ ಒಂದಲ್ಲ ಒಂದು ದೋಷದಿಂದ ತಿರಸ್ಕೃತ! ತಪ್ಪು ಅವಳದೂ ಅಲ್ಲ ಬಿಡಿ. ಹೈದರಾಬಾದಿನ ಕುಷಾಯಿಗೂಡದ ಕಡೆ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ ಕೆಟ್ಟದ್ದನ್ನು ಬೇರೆ ಮಾಡುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವಳು. ನಿವೃತ್ತಳಾದ ಮೇಲೆ ಊರಿನ ಇನ್ನೊಂದು ತುದಿಯಲ್ಲಿದ್ದ ನಮ್ಮ ಮನೆಗೆ ಬಂದಳು. ಆಗ ನಮ್ಮ ಕಾಲೊನಿಯ ಸುತ್ತ ಬಂಡೆಗಳನ್ನು ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಏಳಿಸುತ್ತಿದ್ದರು. ಇಡೀ ಹೈದರಾಬಾದೇ ಬಾಯಿ ಬಿಟ್ಟು ನೋಡುತ್ತಿದ್ದ ಒಂದು ಕಟ್ಟಡವನ್ನು ಅತ್ತೆ ಬಾಲ್ಕನಿಯಿಂದ ನೋಡಿ, "ಮೂರನೇ ಮಾಳಿಗಿ ಸೊಟ್ಟ ಐತಿ" ಎಂದು ಒಳಗೆ ಹೋದಳು.

ಅಂಥವಳ ಕೈಗೆ ಪೊಲೀಸ್ ಠಾಣೆಗೊಬ್ಬ ಅಧ್ಯಕ್ಷನನ್ನು ಆರಿಸುವ ಕೆಲಸ ಸಿಕ್ಕರೆ ಏನಾಗಬೇಕು ಹೇಳಿ?

ಪೊಲೀಸರಿಗೆ ಸಲಹೆ ಕೊಡಲು ಸಾರ್ವಜನಿಕರ ಒಂದು ಸಮಿತಿ ಇರಬೇಕು, ಅದಕ್ಕೆ ಜನರೇ ಒಬ್ಬ ಅಧ್ಯಕ್ಷನ ಹೆಸರು ಸೂಚಿಸಬೇಕು ಎಂದು ನಮ್ಮ ಠಾಣೆಗೆ ಮೇಲಿನಿಂದ ಆದೇಶ ಬಂದಿತ್ತು. ಇನ್ಸ್‌ಪೆಕ್ಟರು ಆ ಹೊಣೆಯನ್ನು ನಮ್ಮ ಕಾಲೊನಿ ಸಂಘಕ್ಕೆ ವಹಿಸಿದರು. ಸಂಘದ ಸಭೆಯಲ್ಲಿ ಪೊಲೀಸ್ ಎಂಬ ಶಬ್ದ ಬಿದ್ದೊಡನೆ ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ಕಾರ್ಯದರ್ಶಿಯಾದ ತಪ್ಪಿಗೆ ನಾನೊಬ್ಬ ಉಳಿದೆ. ಮನೆಗೆ ಬಂದು ಗೋಳು ತೋಡಿಕೊಂಡರೆ ಅತ್ತೆ ಕನ್ನಡಕ ಒರೆಸಿಕೊಂಡಳು.

"ಆರಿಸೋದು ನಂಗ ಬಿಡು. ನೀ ಬರ್ಕೊಂತ ಕೂಡು."

ಮೊದಲು ಬಂದವರು ಟೈಲ್ಸ್ ಅಂಗಡಿಯ ಸಾಹುಕಾರರು. ನಮ್ಮ ಹಾಗೆಯೇ ಬಿಜಾಪುರ ಕಡೆಯವರು.

"ಪೊಲೀಸರ ಜೋಡಿ ಎಂದಾರ ಮಾತಾಡೀರೇನ್ರಿ?" ಎಂದು ಅತ್ತೆ ಕೇಳಿದಳು.

"ಮಾತಾಡೋದೇನ್ರಿ ಬಾಯಾರ, ಅವರು ಹೇಳಿದ್ದಕ್ಕೆಲ್ಲಾ ಹೂಂ ಅಂದೀನ್ರಿ."

"ಹೂಂ ಅನ್ನಾಕ ಅಧ್ಯಕ್ಷರು ಯಾಕ ಬೇಕ್ರಿ?"

ಎರಡನೆಯವರು ನಿವೃತ್ತ ಪ್ರಾಂಶುಪಾಲರು. ಪೊಲೀಸರು ಯಾರನ್ನೂ ಸುಮ್ಮನೆ ಹಿಡಿಯುವುದಿಲ್ಲ, ಏನಾದರೂ ಮಾಡಿಯೇ ಇರುತ್ತಾರೆ ಎಂದು ಅರ್ಧ ಗಂಟೆ ವಿವರಿಸಿದರು. "ಹಂಗಿದ್ರ ಅವರಿಗೆ ನಿಮ್ಮ ಸಲಹಾ ಬೇಕಾಗಂಗಿಲ್ಲ ಬಿಡ್ರಿ" ಎಂದು ಅತ್ತೆ ಅವರನ್ನು ಗೌರವದಿಂದಲೇ ಕಳುಹಿಸಿದಳು. ಮೂರನೆಯವನು ಸಾಫ್ಟ್‌ವೇರ್ ಮ್ಯಾನೇಜರ್. ಲ್ಯಾಪ್‌ಟಾಪ್ ತೆರೆದು ವೃತ್ತ, ಬಾಣ, ಮತ್ತೆ ವೃತ್ತ ತೋರಿಸಿದ. ಅತ್ತೆ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿ, "ಇದರಾಗ ಮನಶ್ಯಾ ಎಲ್ಲಿದ್ದಾನ?" ಎಂದಳು. ಪಾಪ, ಅವನೂ ಹಿಂದಕ್ಕೆ ಮುಂದಕ್ಕೆ ಸರಿಸಿ ಹುಡುಕಿದ. ಇರಲಿಲ್ಲ. ಮುಂದಿನ ಸಲ ಹಾಕಿಕೊಂಡು ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ.

ಹೀಗೆ ಮೂರು ವಾರ ಕಳೆದವು. ಇನ್ಸ್‌ಪೆಕ್ಟರ ಫೋನಿಗೆ ಸುಳ್ಳು ಹೇಳಿ ಹೇಳಿ ನನ್ನ ಬತ್ತಳಿಕೆ ಖಾಲಿಯಾಗಿತ್ತು.

ಆ ದಿನಗಳಲ್ಲೇ ನಮ್ಮ ಮನೆಯ ಬಚ್ಚಲು ರಿಪೇರಿಗೆ ಶರಣಪ್ಪ ಎಂಬ ಗೌಂಡಿ ಬರುತ್ತಿದ್ದ. ಯಾದಗಿರಿ ಕಡೆಯವನು. ಗಾಜಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಒಮ್ಮೆ ಎರಡು ದಿನ ನಾಪತ್ತೆಯಾಗಿ ಮೂರನೆಯ ದಿನ ಕುಂಟುತ್ತ ಬಂದ. ಅತ್ತೆ ಕಾರಣ ಕೇಳಿದಳು.

"ಕಟ್ಟಡದಾಗ ಕಬ್ಬಿಣ ಕಳುವಾತ್ರೀ ಬಾಯಾರ. ಶೆಡ್ಡಿನಾಗಿನ ಗಂಡಸರನ್ನೆಲ್ಲಾ ಠಾಣೆಕ್ಕ ಒಯ್ದಿದ್ರು. ಕಬ್ಬಿಣ ಬ್ಯಾರೆ ಕಡಿ ಸಿಕ್ತು, ಬಿಟ್ರು." ಸಿಮೆಂಟು ಕಲಸುತ್ತಲೇ ಹೇಳಿದ. ಸಿಟ್ಟು ಕೂಡ ಇರಲಿಲ್ಲ.

"ನೀ ಏನೂ ಅನ್ನಲಿಲ್ಲೇನು?"

"ಏನನ್ಲಿ ಬಾಯಾರ? ಅವರ ತೆಲುಗು ನಮಗ ತಿಳ್ಯಂಗಿಲ್ಲ, ನಮ್ಮ ಮಾತು ಅವರಿಗೆ ತಿಳ್ಯಂಗಿಲ್ಲ. ಕೇಳಿದ್ದಕ್ಕೆಲ್ಲಾ ಹೌದ್ರಿ ಅಂದ್ಬಿಡ್ತೀವಿ. ಅಲ್ಲಿ ಒಬ್ಬರಾದ್ರೂ ನಮ್ಮ ಮಾತು ಬರೋರು ಇದ್ರ ಸಾಕಿತ್ತು ನೋಡ್ರಿ."

ಅತ್ತೆ ನನ್ನತ್ತ ತಿರುಗಿದಳು. "ಬರಿ. ಇವನೇ ಅಧ್ಯಕ್ಷ."

ನಾನು ನಕ್ಕೆ. ಆಮೇಲೆ ಅವಳ ಮುಖ ನೋಡಿ, ಒಳ್ಳೆಯ ಅಕ್ಷರದಲ್ಲಿ ಬರೆದೆ. ಶರಣಪ್ಪನೂ ನಕ್ಕ, ಹಲ್ಲು ಕಾಣದಷ್ಟು.

ಕಾಗದ ಹಿಡಿದು ಇಬ್ಬರೂ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರು ಸಭ್ಯರು. ಚಹಾ ತರಿಸಿ, ಕಾಗದ ಓದಿ, ಮೆಲ್ಲಗೆ ತೆಲುಗಿನಲ್ಲಿ, "ಅಮ್ಮಾ, ಈ ಹೆಸರು ನಮ್ಮಲ್ಲಿ ಬೇರೆ ಪಟ್ಟಿಯಲ್ಲಿದೆ" ಎಂದರು. "ಹಾಗಾದರೆ ಹುಡುಕುವ ಶ್ರಮ ನಿಮಗೆ ತಪ್ಪಿತು" ಎಂದು ಅತ್ತೆಯೂ ತೆಲುಗಿನಲ್ಲೇ ಹೇಳಿದಳು. ಅವರು ನಗಲಿಲ್ಲ. ಮರುವಾರ ಟೈಲ್ಸ್ ಸಾಹುಕಾರರಿಗೆ ಹಾರ ಹಾಕಿ ಅಧ್ಯಕ್ಷರನ್ನಾಗಿ ಮಾಡಿದರು.

ಅತ್ತೆಯನ್ನು ಸಮಾಧಾನಕ್ಕೆಂದು ಸಮಿತಿಯ ಸದಸ್ಯೆಯನ್ನಾಗಿ ತೆಗೆದುಕೊಂಡರು. ಮೊದಲ ಸಭೆಯಲ್ಲಿ ಠಾಣೆಯ ಮುಂದೆ ಹೂಕುಂಡ ಇಡಬೇಕೆಂದು ತೀರ್ಮಾನವಾಯಿತು. ಕೂಲಿಕಾರರ ಮಾತು ಕೇಳಲು ಕನ್ನಡ ಬಲ್ಲವರೊಬ್ಬರು ಬೇಕು ಎಂದು ಅತ್ತೆ ಎದ್ದು ಹೇಳಿದಳು. ಮುಂದಿನ ಸಭೆಯಲ್ಲಿ ನೋಡೋಣ ಎಂದರು ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಹೂಕುಂಡಗಳಿಗೆ ನೀರು ಹಾಕುವವರು ಯಾರು ಎಂಬ ಚರ್ಚೆ. ಮೂರನೆಯ ಸಭೆಯಲ್ಲೂ ಅತ್ತೆ ಎದ್ದಳು, ಕೂತಳು. ಅಂದು ಮನೆಗೆ ಬಂದವಳು ಊಟದಲ್ಲಿ ಒಂದು ದೋಷವನ್ನೂ ಹುಡುಕಲಿಲ್ಲ. ನನ್ನ ಹೆಂಡತಿ ಹೆದರಿ ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರು ಬಿ.ಪಿ. ನೋಡಿದರು; ಅದರಲ್ಲೂ ದೋಷವಿರಲಿಲ್ಲ. ಅತ್ತೆ ಮಾತ್ರ ಗೋಡೆ ನೋಡುತ್ತ ಮಲಗಿದ್ದಳು. ಮೂವತ್ತು ವರ್ಷ ಅವಳು ಬೇಡವೆಂದದ್ದನ್ನು ಕಾರ್ಖಾನೆ ಹೊರಗೆ ಬಿಡುತ್ತಿರಲಿಲ್ಲ. ಇಲ್ಲಿ ಅವಳು ಬೇಕೆಂದದ್ದಕ್ಕೂ ಬೇಡವೆಂದದ್ದಕ್ಕೂ ಬೆಲೆಯಿರಲಿಲ್ಲ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಶರಣಪ್ಪನ ಹೆಂಡತಿ ಓಡಿ ಬಂದಳು. ಪೊಲೀಸರು ಅವನನ್ನು ಮತ್ತೆ ಒಯ್ದಿದ್ದರು. ಅತ್ತೆ ಹಾಸಿಗೆಯಿಂದೆದ್ದು ಚಪ್ಪಲಿ ಮೆಟ್ಟಿದಳು. ನಾನು ಹಿಂದೆ ಹೋದೆ.

ಠಾಣೆಯ ಬಾಗಿಲಲ್ಲಿ ಕಾನ್‌ಸ್ಟೇಬಲ್ ತಡೆದ. ಸಂಬಂಧಿಕರನ್ನಷ್ಟೇ ಒಳಗೆ ಬಿಡುವುದಂತೆ. ಸಮಿತಿಯ ಸದಸ್ಯೆ ಎಂದು ನಾನು ಹೇಳಿದೆ. ಅವನಿಗೆ ಸಮಿತಿಯೇ ಗೊತ್ತಿರಲಿಲ್ಲ. "ಒಳಗಿರುವವನು ನಿಮಗೇನಾಗಬೇಕು?" ಎಂದು ಅತ್ತೆಯನ್ನು ಕೇಳಿದ.

"ತಮ್ಮ" ಎಂದಳು ಅತ್ತೆ.

ಕಾನ್‌ಸ್ಟೇಬಲ್ ಅವಳ ಗಂಜಿ ಹಾಕಿದ ಸೀರೆ ನೋಡಿದ, ಒಳಗೆ ನೆಲದ ಮೇಲೆ ಕೂತಿದ್ದ ಶರಣಪ್ಪನ ಸಿಮೆಂಟು ಹತ್ತಿದ ಕಾಲು ನೋಡಿದ. ಏನನ್ನಿಸಿತೋ, ದಾರಿ ಬಿಟ್ಟ. ಅತ್ತೆ ಹೋಗಿ ಶರಣಪ್ಪನ ಪಕ್ಕದಲ್ಲಿ ಆ ನೆಲದ ಮೇಲೆಯೇ ಕೂತಳು. ಅವರು ಕೇಳಿದ್ದನ್ನು ಅವನಿಗೆ ಕನ್ನಡದಲ್ಲಿ ಹೇಳಿದಳು, ಅವನು ಹೇಳಿದ್ದನ್ನು ಅವರಿಗೆ ತೆಲುಗಿನಲ್ಲಿ ಹೇಳಿದಳು. ತನ್ನದೊಂದು ಮಾತನ್ನೂ ಸೇರಿಸಲಿಲ್ಲ. ಸಂಜೆ ನಾಲ್ಕು ಗಂಟೆಗೆ ಅವನನ್ನು ಬಿಟ್ಟರು. ಮುಂದಿನ ತಿಂಗಳು ಮತ್ತೆ ಒಯ್ಯುತ್ತಾರೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಹೊರಗೆ ಬಂದಾಗ ಅಷ್ಟು ಹೊತ್ತು ಕೂತು ಅತ್ತೆಯ ಮೊಣಕಾಲು ಹಿಡಿದುಕೊಂಡಿದ್ದವು. ಮೆಟ್ಟಿಲ ಮೇಲೆ ನಿಂತುಬಿಟ್ಟಳು. ನಾನು ಕೈ ಚಾಚುವಷ್ಟರಲ್ಲಿ ಶರಣಪ್ಪ ತನ್ನ ಅಂಗೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಮುಂದೆ ಮಾಡಿದ.

"ಸಾವಕಾಶ ಇಳೀರಿ, ಅಕ್ಕಾ."

ಅತ್ತೆ ಅವನ ಕೈ ಹಿಡಿದು ಇಳಿದಳು. ರಸ್ತೆ ಮುಟ್ಟಿದ ಮೇಲೂ ಬಿಡಲಿಲ್ಲ.